ಪರದೇಶಿ ಎನ್ನದ ಊರು

ವಾಡಿಯಲ್ಲಿ ಬೆಳೆದು ಲಂಡನ್ನಿನಲ್ಲಿ ಎಂಟು ವರ್ಷ ನರ್ಸ್ ಆಗಿದ್ದವಳು ಆ ಊರನ್ನು ಬಿಟ್ಟು ಬಂದ ಬಗೆ; ಬಂದ ಮೇಲೆ ಸೇಡಂ ರೈಲಿನಲ್ಲಿ ಕುಳಿತು ಯೋಚಿಸಿದ್ದು.

ಕೊನೆಯ ನೈಟ್ ಡ್ಯೂಟಿ ಮುಗಿಸಿ ಆಸ್ಪತ್ರೆಯಿಂದ ಹೊರಗೆ ಬಂದಾಗ ಬೆಳಗಿನ ಎಂಟು ಗಂಟೆ. ಮಾರ್ಚ್ ತಿಂಗಳ ಚಳಿ. ದಿನವೂ ಹಿಡಿಯುತ್ತಿದ್ದ ಬಸ್ಸು ಕಣ್ಣೆದುರೇ ಹೋಯಿತು, ಕೈ ಮಾಡಲಿಲ್ಲ. ಥೇಮ್ಸ್ ನದಿಯ ದಂಡೆಗುಂಟ ನಡೆದೆ. ಆಚೆ ದಡದಲ್ಲಿ ಪಾರ್ಲಿಮೆಂಟು, ಅದರ ಗಡಿಯಾರದ ಗೋಪುರ. ಈಚೆ ದಡದಲ್ಲಿ ಕಲ್ಲು ಹಾಸಿದ ಉದ್ದನೆಯ ದಾರಿ. ವೆಸ್ಟ್‌ಮಿನ್‌ಸ್ಟರ್ ಸೇತುವೆಯಿಂದ ಲ್ಯಾಂಬೆತ್ ಸೇತುವೆಗೆ ಹತ್ತು ನಿಮಿಷದ ನಡಿಗೆ. ಎಂಟು ವರ್ಷದಲ್ಲಿ ಎಷ್ಟು ಸಲ ನಡೆದಿದ್ದೆನೋ ಲೆಕ್ಕವಿಲ್ಲ. ಅಂದು ಮಾತ್ರ ಒಂದು ತಾಸು ಬೇಕಾಯಿತು.

ಲ್ಯಾಂಬೆತ್ ಸೇತುವೆ ಕಳೆದು ಇದೇ ದಡದಲ್ಲಿ ಮುಂದೆ ಹೋದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಸಣ್ಣ ತೋಟದಲ್ಲಿ ಬಸವಣ್ಣನವರು ಇದ್ದಾರೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದ ಪ್ರತಿಮೆ ಅದು. ಅದಕ್ಕಾಗಿ ವರ್ಷಗಟ್ಟಲೆ ಓಡಾಡಿದವರು ನಮ್ಮ ಕಲಬುರಗಿ ಮೂಲದ ವೈದ್ಯ, ಲ್ಯಾಂಬೆತ್‌ನ ಮೇಯರ್ ಆಗಿದ್ದ ಡಾ. ನೀರಜ್ ಪಾಟೀಲ. ಹೊಸದಾಗಿ ಬಂದಾಗ ಮನೆಯ ನೆನಪಾದರೆ ನಾನು ಅಲ್ಲಿಗೇ ಹೋಗಿ ಕೂಡುತ್ತಿದ್ದೆ. ಕಲ್ಲಿನ ಪೀಠದ ಮೇಲೆ ಕೈ ಇಟ್ಟರೆ ಚಳಿಗಾಲದಲ್ಲಿ ಬೆರಳು ಮರಗಟ್ಟುವಷ್ಟು ತಂಪು. ಅಂದೂ ಕೈ ಇಟ್ಟು ನಿಂತೆ. ಏನು ಹೇಳಿ ಹೊರಡಬೇಕೋ ತಿಳಿಯಲಿಲ್ಲ.

ನಮ್ಮ ಕಡೆ ಹೊಸ್ತಿಲು ದಾಟುವವರು 'ಹೋಗ್ತೀನಿ' ಅನ್ನುವಂತಿಲ್ಲ. 'ಹೋಗಿ ಬರ್ತೀನಿ' ಅನ್ನಬೇಕು. ಮರೆತು ಅಂದರೆ ಅವ್ವ ಬಾಯಿಯ ಮೇಲೆ ಕೈ ಇಡುತ್ತಿದ್ದಳು. ಆ ಮಾತು ನಾಲಿಗೆಯ ತುದಿಗೆ ಬಂತು. ಆದರೆ ವೀಸಾ ಮುಗಿಸಿ, ಕೆಲಸ ಬಿಟ್ಟು, ಬಾಡಿಗೆ ಕೋಣೆಯ ಕೀಲಿ ಒಪ್ಪಿಸಿ ಹೊರಟವಳು ನಾನು. ಬರುತ್ತೇನೆ ಎಂದರೆ ಸುಳ್ಳು, ಹೋಗುತ್ತೇನೆ ಎಂದರೆ ಅಪಶಕುನ. ಸುಮ್ಮನೆ ತಲೆಬಾಗಿ ಬಂದೆ.

ನಮ್ಮ ಭಾಷೆಯಲ್ಲಿ 'ಪರದೇಶಿ' ಎಂಬ ಒಂದು ಮಾತಿದೆ. ಬೇರೆ ದೇಶದವನು ಎಂಬುದು ಅದರ ಮೂಲ ಅರ್ಥ. ಆದರೆ ನಮ್ಮೂರಲ್ಲಿ ಯಾರೂ ಅದನ್ನು ಆ ಅರ್ಥದಲ್ಲಿ ಆಡುವುದಿಲ್ಲ. ತಂದೆ ತಾಯಿ ಸತ್ತ ಕೂಸನ್ನು 'ಪರದೇಶಿ ಆಯ್ತು' ಅನ್ನುತ್ತಾರೆ. ಕೇಳುವವರಿಲ್ಲದವನು, ದಿಕ್ಕಿಲ್ಲದವನು ಪರದೇಶಿ. ಊರು ಬಿಟ್ಟವನಿಗೆ ಯಾರೂ ಇರುವುದಿಲ್ಲ ಎಂಬ ನೂರಾರು ವರ್ಷದ ಅನುಭವ ಆ ಒಂದು ಪದದಲ್ಲಿ ಕೂತಿದೆ. ಒಂದು ಊರು ದೊಡ್ಡದೋ ಸಣ್ಣದೋ ಎಂದು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಸಿಕ್ಕಿಲ್ಲ. ಆ ಊರಿಗೆ ಬಂದ ಪರದೇಶಿ ಪರದೇಶಿಯಾಗಿಯೇ ಉಳಿದನೇ ಇಲ್ಲವೇ? ಬಿಟ್ಟು ಹೋಗುವಾಗ ಅವನ ಕಣ್ಣು ತುಂಬಿತೇ ಇಲ್ಲವೇ?

ಪೋರ್ಟ್‌ಲ್ಯಾಂಡ್ ಅಂದ್ರ ಯಾವ ಊರು?

ನನ್ನ ಅಪ್ಪ ವಾಡಿಯ ಸಿಮೆಂಟ್ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸಕ್ಕಿದ್ದ. ಅವನ ಅಪ್ಪ ಶಹಾಬಾದಿನ ಕಲ್ಲಿನ ಖಣಿಯಲ್ಲಿ ಹಾರೆ ಹಿಡಿದವನು. ಶಹಾಬಾದಿನ ಕಲ್ಲು ಪದರು ಪದರಾಗಿ ಮಲಗಿರುತ್ತದೆ. ಸಂದು ನೋಡಿ ಹಾರೆ ಹಾಕಿದರೆ ರೊಟ್ಟಿಯ ಪದರು ಬಿಟ್ಟ ಹಾಗೆ ಚಪ್ಪಟೆಯಾಗಿ ಎದ್ದು ಬರುತ್ತದೆ. ಹೀಗೆ ಎದ್ದ ಪರಸಿ ಕಲ್ಲು ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣದ ಎಷ್ಟೋ ಮನೆಗಳ ನೆಲವಾಗಿದೆ. ಅದೇ ಸುಣ್ಣದಕಲ್ಲನ್ನು ಪುಡಿ ಮಾಡಿ, ಸುಟ್ಟು, ಅರೆದರೆ ಸಿಮೆಂಟು. ವಾಡಿ, ಶಹಾಬಾದ, ಸೇಡಂ, ಮಳಖೇಡ, ಚಿತ್ತಾಪುರದ ಸೀಮೆಯ ಅನ್ನ ಹುಟ್ಟುವುದು ಮೇಲೆ ತೊಗರಿಯ ಹೊಲದಲ್ಲಿ, ಕೆಳಗೆ ಈ ಕಲ್ಲಿನಲ್ಲಿ.

ಲಂಡನ್ನಿಗೆ ಹೋದ ಮೊದಲ ವಾರ ಅಪ್ಪ ಫೋನಿನಲ್ಲಿ ಕೇಳಿದ ಪ್ರಶ್ನೆ ಊಟದ್ದಲ್ಲ, ಚಳಿಯದ್ದಲ್ಲ. "ನಮ್ಮ ಚೀಲದ ಮ್ಯಾಲ ಪೋರ್ಟ್‌ಲ್ಯಾಂಡ್ ಸಿಮೆಂಟ್ ಅಂತ ಬರ್ದಿರ್ತದಲ್ಲ, ಆ ಪೋರ್ಟ್‌ಲ್ಯಾಂಡ್ ಅಂದ್ರ ಯಾವ ಊರು? ನಿಮ್ಮ ಕಡಿನೇ ಅದ ಅಂತಾರ, ನೋಡಿ ಹೇಳು." ಮೂವತ್ತು ವರ್ಷ ಆ ಚೀಲ ಹೊತ್ತವನಿಗೆ ಯಾರೂ ಅದನ್ನು ಹೇಳಿರಲಿಲ್ಲ.

ವಿಚಾರಿಸಿ ತಿಳಿದುಕೊಂಡೆ. ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಪೋರ್ಟ್‌ಲ್ಯಾಂಡ್ ಎಂಬ ಸಣ್ಣ ನಡುಗಡ್ಡೆಯಂಥ ಜಾಗವಿದೆ. ಅಲ್ಲಿನ ಬಿಳಿ ಸುಣ್ಣದಕಲ್ಲಿನಿಂದಲೇ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚನ್ನು ಕಟ್ಟಿದ್ದು. 1824ರಲ್ಲಿ ಜೋಸೆಫ್ ಆಸ್ಪ್ಡಿನ್ ಎಂಬ ಗಾರೆ ಕೆಲಸದವನು ಸುಣ್ಣದಕಲ್ಲು ಮತ್ತು ಜೇಡಿಮಣ್ಣು ಸುಟ್ಟು ಹೊಸ ಪುಡಿಯೊಂದನ್ನು ಮಾಡಿ ಹಕ್ಕುಪತ್ರ ಪಡೆದ. ಗಟ್ಟಿಯಾದ ಮೇಲೆ ಅದು ಪೋರ್ಟ್‌ಲ್ಯಾಂಡಿನ ಕಲ್ಲಿನ ಹಾಗೆ ಕಾಣುತ್ತದೆ ಎಂದು ಆ ಹೆಸರಿಟ್ಟ. ಹೆಸರು ಸಮುದ್ರ ದಾಟಿ ವಾಡಿಯ ಚೀಲಕ್ಕೆ ಬಂತು.

ಒಂದು ರವಿವಾರ ಸೇಂಟ್ ಪಾಲ್ಸ್‌ಗೆ ಹೋಗಿ ಗೋಡೆಗೆ ಮುಖ ಹಚ್ಚಿ ನೋಡಿದೆ. ಮಳೆಗೆ ಸವೆದ ಕಡೆ ಕಲ್ಲಿನೊಳಗಿಂದ ಸಿಂಪಿಯ ಚಿಪ್ಪಿನ ಚೂರುಗಳು ಹೊರಗೆ ಇಣುಕುತ್ತಿದ್ದವು. ಫೋನು ಅಲ್ಲಿಗೇ ಹಿಡಿದು ಅಪ್ಪನಿಗೆ ತೋರಿಸಿದೆ. ಅಪ್ಪ ಬಹಳ ಹೊತ್ತು ನೋಡಿದ. "ನಮ್ಮ ಕಲ್ಲಾಗ ಇಂಥವು ಇರಂಗಿಲ್ಲ" ಅಂದ. ಅವನ ಕಣ್ಣು ಸರಿಯಾಗಿಯೇ ಇತ್ತು. ಭೀಮಾ ಸೀಮೆಯ ಸುಣ್ಣದಕಲ್ಲು ಭೂಮಿಯ ಮೇಲೆ ಚಿಪ್ಪಿನ ಜೀವಿಗಳು ಹುಟ್ಟುವುದಕ್ಕಿಂತ ಹಳೆಯದು. ಪೋರ್ಟ್‌ಲ್ಯಾಂಡಿನ ಕಲ್ಲು ಅದರ ಮುಂದೆ ನಿನ್ನೆ ಮೊನ್ನೆಯ ಕೂಸು.

ನಾನು ಆಗಾಗ ನಡೆಯುತ್ತಿದ್ದ ನದಿದಂಡೆಯ ಕಥೆಯನ್ನೂ ಹೇಳಿದೆ. 1858ರ ಬೇಸಿಗೆಯಲ್ಲಿ ಥೇಮ್ಸ್ ಎಷ್ಟು ನಾರಿತೆಂದರೆ ಪಾರ್ಲಿಮೆಂಟಿನಲ್ಲಿ ಕೂಡಲಾಗಲಿಲ್ಲ. ಆಗ ಜೋಸೆಫ್ ಬ್ಯಾಜಲ್‌ಗೆಟ್ ಎಂಬ ಇಂಜಿನಿಯರ್ ಊರಿಗೆಲ್ಲ ಒಳಚರಂಡಿ ಕಟ್ಟಿಸಿದ, ನದಿಗೆ ಒಡ್ಡು ಹಾಕಿಸಿದ. ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಮುಗಿದದ್ದು 1869ರಲ್ಲಿ. ಪೋರ್ಟ್‌ಲ್ಯಾಂಡ್ ಸಿಮೆಂಟನ್ನು ಪರೀಕ್ಷೆ ಮಾಡಿ ಮಾಡಿ, ದೊಡ್ಡ ಪ್ರಮಾಣದಲ್ಲಿ ನಂಬಿ ಬಳಸಿದ್ದು ಆ ಕೆಲಸದಲ್ಲಿಯೇ. ಕಾಲರಾ ಆ ಊರನ್ನು ಬಿಟ್ಟು ಹೋಗಲು ಆ ಚರಂಡಿಗಳು ಕಾರಣವಾದವು. ಎಲ್ಲ ಕೇಳಿ ಅಪ್ಪ ನಕ್ಕ. "ಹಂಗಾದ್ರ ನಾ ಇಷ್ಟು ದಿನ ಮಾಡಿದ್ದೂ ದವಾಖಾನಿ ಕೆಲಸಾನೇ ಅನ್ನು."

ಆ ಮಾತಿನ ನಂತರ ಲಂಡನ್ ನನಗೆ ಬೇರೆಯವರ ಊರು ಅನ್ನಿಸಲಿಲ್ಲ.

ಗೋಡೆಯ ಮೇಲೊಂದು ಹೃದಯ

ಎಲ್ಲವೂ ಹಿತವಾಗಿತ್ತು ಎಂದರೆ ತಪ್ಪಾದೀತು. ಒಂದು ಸಂಜೆ ಬಸ್ಸಿನಲ್ಲಿ ಒಬ್ಬ ಮನುಷ್ಯ ನನ್ನ ಮುಖಕ್ಕೇ ನಿನ್ನ ದೇಶಕ್ಕೆ ಹೋಗು ಎಂದಿದ್ದ. ಮೈ ನಡುಗಿತು. ಆದರೆ ಅದೇ ಬಸ್ಸಿನಲ್ಲಿ ಗುರುತಿಲ್ಲದ ಇಬ್ಬರು ಹೆಂಗಸರು ಎದ್ದು ಬಂದು ನನ್ನ ಎರಡೂ ಬದಿಗೆ ಕೂತರು. ನಾನು ಇಳಿಯುವ ನಿಲ್ದಾಣದವರೆಗೂ ಬಂದು ಹಿಂತಿರುಗಿದರು. ಒಂದೇ ಬಸ್ಸಿನಲ್ಲಿ ಆ ಊರಿನ ಎರಡೂ ಮುಖ ಕಂಡೆ.

2020 ಬಂತು. ಆ ವರ್ಷ ವಾರ್ಡಿನಲ್ಲಿ ಕಂಡದ್ದನ್ನು ಬರೆಯಲು ನನಗೆ ಇನ್ನೂ ಕೈ ಬರುವುದಿಲ್ಲ. ಮನೆಯವರು ಬಳಿ ಬರುವಂತಿರಲಿಲ್ಲ. ಸಾಯುವವರ ಕೈ ಹಿಡಿದುಕೊಂಡವರು ನಾವು, ಎಲ್ಲೆಲ್ಲಿಂದಲೋ ಬಂದ ನರ್ಸುಗಳು. ಕೇರಳದವರು, ಫಿಲಿಪೈನ್ಸಿನವರು, ನೈಜೀರಿಯಾದವರು, ವಾಡಿಯ ನಾನು.

2021ರ ಮಾರ್ಚ್ ಕೊನೆಯಲ್ಲಿ ನದಿದಂಡೆಯ ಆಸ್ಪತ್ರೆಯ ಗೋಡೆಯ ಮೇಲೆ, ಪಾರ್ಲಿಮೆಂಟಿಗೆ ಎದುರಾಗಿ, ಜನ ಕೆಂಪು ಹೃದಯಗಳನ್ನು ಬಿಡಿಸತೊಡಗಿದರು. ಕೋವಿಡ್‌ನಿಂದ ಸತ್ತ ಒಬ್ಬೊಬ್ಬರಿಗೆ ಒಂದೊಂದು ಹೃದಯ. ಯಾವ ಸರ್ಕಾರವೂ ಮಾಡಿಸಿದ್ದಲ್ಲ, ತಮ್ಮವರನ್ನು ಕಳೆದುಕೊಂಡವರೇ ಬಣ್ಣ ಹಿಡಿದು ಬಂದಿದ್ದರು. ಅರ್ಧ ಕಿಲೋಮೀಟರ್ ಉದ್ದದ ಗೋಡೆ. ಕೆಲವೇ ದಿನಗಳಲ್ಲಿ ಒಂದೂವರೆ ಲಕ್ಷ ಹೃದಯಗಳಾದವು, ಮುಂದೆ ಎರಡು ಲಕ್ಷ ದಾಟಿದವು.

ಏಪ್ರಿಲ್ 23ರಂದು ಬ್ರಿಟನ್ ಭಾರತವನ್ನು ಕೋವಿಡ್ ಪ್ರಯಾಣ ನಿರ್ಬಂಧದ ಕೆಂಪು ಪಟ್ಟಿಗೆ ಸೇರಿಸಿತು. ಮೇ ಮೊದಲ ವಾರ ವಾಡಿಯಿಂದ ಫೋನು ಬಂತು. ಅಪ್ಪನಿಗೆ ಉಸಿರು ಸಾಲುತ್ತಿಲ್ಲ. ಮೂರನೆಯ ದಿನ ಅಪ್ಪ ಇರಲಿಲ್ಲ. ನನಗೆ ಹೋಗುವ ದಾರಿಯೂ ಇರಲಿಲ್ಲ. ಎಷ್ಟೋ ಜನರ ಕೊನೆಯ ಉಸಿರಿಗೆ ಜೊತೆಯಾದವಳು ಹೆತ್ತಪ್ಪನಿಗೆ ಆಗಲಿಲ್ಲ.

ಮರುದಿನ ಡ್ಯೂಟಿ ಮುಗಿಸಿ ಆ ಗೋಡೆಯ ಬಳಿ ನಿಂತಿದ್ದೆ. ಬಣ್ಣದ ಡಬ್ಬಿ ಹಿಡಿದ ವಯಸ್ಸಾದ ಹೆಂಗಸೊಬ್ಬರು ಬಂದು ಯಾರನ್ನು ಕಳೆದುಕೊಂಡೆ ಎಂದು ಕೇಳಿದರು. ಅಪ್ಪನನ್ನು, ಆದರೆ ಇಲ್ಲಲ್ಲ, ಭಾರತದಲ್ಲಿ ಎಂದೆ. ಈ ಗೋಡೆ ಇಲ್ಲಿ ಸತ್ತವರಿಗಾಗಿ ಇರುವುದು ನನಗೆ ಗೊತ್ತಿತ್ತು. ಅವರು ಏನೂ ಹೇಳದೆ ಖಾಲಿ ಇದ್ದ ಒಂದು ಹೃದಯ ತೋರಿಸಿ ಕೈಗೆ ಪೆನ್ನು ಕೊಟ್ಟರು. ಕನ್ನಡದಲ್ಲಿ ಬರೆದೆ: 'ಅಪ್ಪ, ವಾಡಿ'. ಕೆಳಗೆ ವರ್ಷ.

ಥೇಮ್ಸ್ ದಂಡೆಯ ಬಿಸಿಲು, ಮಳೆಗೆ ಆ ಗೋಡೆಯ ಶಾಯಿ ಬೇಗ ಮಾಸುತ್ತದೆ. ವಾರಕ್ಕೊಮ್ಮೆ ಸ್ವಯಂಸೇವಕರು ಬಂದು ಮಾಸಿದ ಹೃದಯಗಳಿಗೆ ಮತ್ತೆ ಬಣ್ಣ ಹಚ್ಚುತ್ತಾರೆ, ಹೆಸರುಗಳನ್ನು ಮತ್ತೆ ಬರೆಯುತ್ತಾರೆ. ಊರು ಬಿಡುವ ವಾರ ನಾನು ಹೋದಾಗ 'ಅಪ್ಪ' ಎಂಬುದರಲ್ಲಿ ಒತ್ತಕ್ಷರ ಅಳಿಸಿಹೋಗಿತ್ತು. ತಿದ್ದುತ್ತ ನಿಂತಿದ್ದಾಗ ಹಿಂದಿನಿಂದ ಸ್ವಯಂಸೇವಕರೊಬ್ಬರು ಬಂದರು. ಕಳೆದ ಸಲ ತಾನೇ ಇದನ್ನು ಬರೆದದ್ದು, ಲಿಪಿ ಬಾರದೆ ಕೆಳಗಿನ ಗುರುತನ್ನು ಬಿಟ್ಟಿರಬೇಕು, ಕ್ಷಮಿಸಿ ಎಂದರು. ತಮ್ಮ ಫೋನಿನಲ್ಲಿ ನನ್ನ ಅಕ್ಷರದ ಫೋಟೊ ತೆಗೆದುಕೊಂಡರು. ಇನ್ನು ಮೇಲೆ ಸರಿಯಾಗಿ ಬರೆಯುತ್ತೇನೆ, ನೀನು ಚಿಂತೆ ಮಾಡಬೇಡ ಎಂದರು.

ಓದಲು ಬಾರದ ಲಿಪಿಯಲ್ಲಿ, ಎಂದೂ ಕಾಣದ ಊರಿನ, ಎಂದೂ ಕಾಣದ ಮನುಷ್ಯನ ಹೆಸರು. ಅದನ್ನು ಒತ್ತಕ್ಷರ ಸಮೇತ ಕಾಯುತ್ತೇನೆ ಅನ್ನುವವರು ಆ ಊರಲ್ಲಿ ಇದ್ದಾರೆ. ಬಿಟ್ಟು ಬರುವಾಗ ನನಗೆ ಕಾಲು ಕಿತ್ತಿಡಲಾಗದ್ದು ಅರಮನೆಗಾಗಿ ಅಲ್ಲ, ಸಂಬಳಕ್ಕಾಗಿ ಅಲ್ಲ, ಆ ಒಂದು ಒತ್ತಕ್ಷರಕ್ಕಾಗಿ.

ಬಿಸ್ಕೀಟಿನ ಡಬ್ಬಿ

ನನ್ನ ಕೋಣೆ ಬ್ರಿಕ್ಸ್‌ಟನ್ನಿನಲ್ಲಿತ್ತು. ಮನೆಯೊಡತಿ ಜಮೈಕಾದಿಂದ ಸಣ್ಣ ಹುಡುಗಿಯಾಗಿ ಬಂದವರು. ನಾನು 'ಅಜ್ಜಿ' ಎಂದು ಕರೆಯುತ್ತಿದ್ದೆ. ಅದು ಅವರ ಬಾಯಲ್ಲಿ 'ಆಜಿ' ಆಗಿ, ಕೊನೆಗೆ ಬೀದಿಯವರೆಲ್ಲ ಹಾಗೇ ಕರೆಯತೊಡಗಿದರು.

1948ರ ಜೂನ್ 22ರಂದು ಎಂಪೈರ್ ವಿಂಡ್‌ರಶ್ ಎಂಬ ಹಡಗು ಕೆರಿಬಿಯನ್ ದ್ವೀಪಗಳ ಜನರನ್ನು ಟಿಲ್‌ಬರಿ ಬಂದರಿನಲ್ಲಿ ಇಳಿಸಿತು. ಇರಲು ಮನೆಯಿಲ್ಲದ ನೂರಾರು ಜನರನ್ನು ಕ್ಲ್ಯಾಪಮ್ಮಿನ ನೆಲದಾಳದ ಯುದ್ಧಕಾಲದ ಸುರಂಗದಲ್ಲಿ ಮಲಗಿಸಿದರು. ಕೆಲಸ ಹುಡುಕಲು ಅವರು ನಡೆದು ಬಂದದ್ದು ಪಕ್ಕದ ಬ್ರಿಕ್ಸ್‌ಟನ್ನಿಗೆ. ಹದಿಮೂರು ದಿನದ ನಂತರ, ಜುಲೈ 5ಕ್ಕೆ, ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾಯಿತು. ಅದರ ವಾರ್ಡುಗಳನ್ನು ನಡೆಸಿದ ಕೈಗಳಲ್ಲಿ ಆ ದ್ವೀಪಗಳ ಕೈಗಳೇ ಬಹಳ. ಅದೇ ವರ್ಷದ ಸೆಪ್ಟೆಂಬರ್ 17ರಂದು ನಮ್ಮ ವಾಡಿ, ಶಹಾಬಾದ, ಸೇಡಂ ನಿಜಾಮನ ಆಳ್ವಿಕೆಯಿಂದ ಬಿಡುಗಡೆಯಾದವು. ಅಜ್ಜಿಗೆ ಇದನ್ನು ಹೇಳಿದಾಗ, ಹಾಗಾದರೆ ನಾವಿಬ್ಬರೂ ಒಂದೇ ವರ್ಷದ ಮಕ್ಕಳು ಎಂದಿದ್ದರು.

ಅವರ ಮಂಚದ ಕೆಳಗೆ ಬಿಸ್ಕೀಟಿನ ಹಳೆಯ ತಗಡಿನ ಡಬ್ಬಿಯೊಂದಿತ್ತು. ಶಾಲೆಯ ಚೀಟಿ, ಸಂಬಳದ ಚೀಟಿ, ಬಾಡಿಗೆ ಕಟ್ಟಿದ ರಸೀದಿ, ಎಲ್ಲವನ್ನೂ ಅದರಲ್ಲಿ ಕೂಡಿಟ್ಟಿದ್ದರು. 2018ರಲ್ಲಿ ಇಡೀ ದೇಶಕ್ಕೆ ಗೊತ್ತಾಯಿತು: ಮಕ್ಕಳಾಗಿ ಬಂದು ಅರ್ಧ ಶತಮಾನ ದುಡಿದ ಇಂಥ ಎಷ್ಟೋ ಜನರನ್ನು ಕಾಗದ ತೋರಿಸಿ ಎಂದು ಪೀಡಿಸಲಾಗಿತ್ತು. ಕೆಲವರ ಕೆಲಸ ಹೋಗಿತ್ತು, ಕೆಲವರನ್ನು ದೇಶದಿಂದಲೇ ಹೊರಗೆ ಹಾಕಲಾಗಿತ್ತು. ಸರ್ಕಾರ ಕ್ಷಮೆ ಕೇಳಿತು. ಅಜ್ಜಿ ಮಾತ್ರ ಡಬ್ಬಿಯನ್ನು ಎಸೆಯಲಿಲ್ಲ. ದೊಡ್ಡ ಊರು ಕೂಡ ಒಮ್ಮೊಮ್ಮೆ ತನ್ನವರನ್ನು ಪರದೇಶಿ ಮಾಡುತ್ತದೆ. ಆಗ ಊರಿನ ಮಾನ ಉಳಿಸುವವರು ಬಸ್ಸಿನ ಆ ಇಬ್ಬರು ಹೆಂಗಸರಂಥವರು.

ಅಳುವ ವಿದ್ಯೆ

ನನ್ನ ಅವ್ವನ ತವರು ಚಿಂಚೋಳಿಯ ಕಡೆ. ಊರಿನ ಪಕ್ಕದಲ್ಲೇ ಲಂಬಾಣಿ ತಾಂಡಾ. ತಾಂಡಾದಲ್ಲಿ ಮದುವೆಯಾದ ಹುಡುಗಿ ಗಂಡನ ಮನೆಗೆ ಹೊರಡುವಾಗ ಢಾವಲೋ ಹಾಡುತ್ತಾಳೆ. ಹಾಡು ಅಂದರೆ ಹಾಡು, ಅಳು ಅಂದರೆ ಅಳು. ಅವ್ವನ ಕೊರಳಿಗೆ ಬಿದ್ದು ಒಂದು ಸಾಲು, ಅಣ್ಣನ ಕೊರಳಿಗೆ ಬಿದ್ದು ಒಂದು ಸಾಲು, ಗೆಳತಿಗೆ, ಮನೆಗೆ, ತಾಂಡಾಕ್ಕೆ. ಈ ಅಳುವನ್ನು ಹುಡುಗಿಯರು ದೊಡ್ಡವರಿಂದ ಕಲಿಯುತ್ತಾರೆ. ಒಬ್ಬರನ್ನೂ ಬಿಡದೆ, ಅವಸರ ಮಾಡದೆ, ಎಲ್ಲರ ಎದುರೂ ಅಳಬೇಕು. ಆಗ ಹೋಗುವವಳ ಎದೆಯೂ ಹಗುರ, ಕಳಿಸುವವರ ಎದೆಯೂ ಹಗುರ. ಸಣ್ಣವಳಿದ್ದಾಗ ಅದನ್ನು ಕೇಳಿ ಹೆದರುತ್ತಿದ್ದೆ. ಲಂಡನ್ ಬಿಡುವಾಗ ಆ ವಿದ್ಯೆ ನನಗೆ ಬರುವುದಿಲ್ಲವಲ್ಲ ಅನ್ನಿಸಿತು.

ನನಗೆ ತಿಳಿದ ಹಾಗೆ ಮಾಡಿದೆ. ಒಬ್ಬೊಬ್ಬರ ಬಳಿಗೂ ಹೋದೆ. ಮೊದಲ ದಿನ 'ನಿನ್ನ ಊರಿನ ಹೆಸರನ್ನು ಸರಿಯಾಗಿ ಹೇಗೆ ಅನ್ನಬೇಕು' ಎಂದು ಕೇಳಿ, 'ವಾಡಿ, ವಾಡಿ' ಎಂದು ನಾಲ್ಕು ಸಲ ಅಂದು ನೋಡಿದ ಹಿರಿಯ ನರ್ಸಿನ ಬಳಿಗೆ. ಮೆಂತ್ಯೆ ಸೊಪ್ಪು ತೆಗೆದಿಡುತ್ತಿದ್ದ ತರಕಾರಿಯವನ ಬಳಿಗೆ. ಬ್ರಿಟಿಷ್ ಮ್ಯೂಸಿಯಮ್ಮಿನ 33ಎ ಕೋಣೆಗೆ.

ಆ ಕೋಣೆಯಲ್ಲಿ ಅಮರಾವತಿಯ ಸ್ತೂಪದ ಕಲ್ಲುಗಳಿವೆ. ಕೃಷ್ಣೆಯ ದಂಡೆಯಿಂದ ಅಗೆದು, ಮದರಾಸಿನಲ್ಲಿ ಇರಿಸಿ, 1859ರಲ್ಲಿ ಲಂಡನ್ನಿಗೆ ಸಾಗಿಸಿದ ಸುಣ್ಣದಕಲ್ಲುಗಳು. ಅವು ಊರು ಬಿಟ್ಟಾಗ ಯಾರೂ ಢಾವಲೋ ಹಾಡಿರಲಾರರು. ಮೊದಲ ಸಲ ನೋಡಿದಾಗ ನನಗೆ ಮೈ ಜುಮ್ಮೆಂದಿತ್ತು. ಇಂಥವೇ ಕಮಲ, ಇಂಥವೇ ಮುಖಗಳನ್ನು ನಾನು ಚಿತ್ತಾಪುರ ಸೀಮೆಯ ಸನ್ನತಿ ಹತ್ತಿರದ ಕನಗನಹಳ್ಳಿಯಲ್ಲಿ ಶಾಲೆಯ ಪ್ರವಾಸದಲ್ಲಿ ನೋಡಿದ್ದೆ. ಅವೂ ನಮ್ಮ ಸುಣ್ಣದಕಲ್ಲೇ. ಅಲ್ಲಿನ ಒಂದು ಫಲಕದಲ್ಲಿ ಅರಸ, ಅರಸಿಯ ಚಿತ್ರ. ಮೇಲೆ ಬ್ರಾಹ್ಮಿಯಲ್ಲಿ 'ರಾಯೋ ಅಸೋಕೋ' ಎಂಬ ಬರಹ. ಸನ್ನತಿಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ಗುಡಿಯ ಮಾಳಿಗೆ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲೇ ಅಶೋಕನ ಶಾಸನ ಎಂದು 1986ರಲ್ಲಿ ಗೊತ್ತಾಯಿತು. ದೂರ ಹೋದ ಕಲ್ಲಿಗೆ ದೀಪ, ಗಾಜು, ಹೆಸರಿನ ಚೀಟಿ. ಊರಲ್ಲೇ ಉಳಿದ ಕಲ್ಲು ಯಾರೂ ಕೇಳದೆ ಶತಮಾನಗಟ್ಟಲೆ ಬಿದ್ದಿತ್ತು. ಸ್ವಂತ ಊರಲ್ಲೂ ಪರದೇಶಿಯಾಗಬಹುದು ಎಂದು ನನಗೆ ತಿಳಿದದ್ದು ಆ ಕೋಣೆಯಲ್ಲಿ.

ಹೊರಡುವ ದಿನ ಅಜ್ಜಿ ಬಾಗಿಲಲ್ಲಿ ನಿಂತು, ತಾನೇ ಮಾಡಿದ ಮಸಾಲೆಯ ಬನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. ವಿಮಾನದಲ್ಲಿ ಅವರು ಕೊಡುವುದನ್ನು ನಂಬಬೇಡ ಎಂದರು. ನಾನು ಅವರ ಕಾಲು ಮುಟ್ಟಿದೆ. ಅವರಿಗೆ ಅದು ಹೊಸದು. ಎಬ್ಬಿಸಿ ಅಪ್ಪಿಕೊಂಡು ಬಹಳ ಹೊತ್ತು ಬಿಡಲಿಲ್ಲ.

ಮಳಖೇಡ ರೋಡ್

ಹೈದರಾಬಾದಿನಲ್ಲಿ ವಿಮಾನ ಇಳಿದು ವಾಡಿಗೆ ರೈಲು ಹಿಡಿದೆ. ಈ ಹಳಿ 1874ರದ್ದು. ಮುಂಬೈ ಕಡೆಯ ಹಳಿ ವಾಡಿಯನ್ನು ಹಾದು ರಾಯಚೂರು ಮುಟ್ಟಿದ ಮೂರು ವರ್ಷಕ್ಕೆ ನಿಜಾಮನ ಸರ್ಕಾರ ವಾಡಿಯಿಂದ ಸಿಕಂದರಾಬಾದಿಗೆ ಹಾಕಿಸಿದ್ದು. ತಾಂಡೂರು ದಾಟಿತು. ಕುರಗುಂಟಾ ಬಂತು, ಕನ್ನಡ ಬಂತು. ಸೇಡಂನಲ್ಲಿ ತೊಗರಿಯ ಕಟ್ಟಿಗೆಯ ಬಣವೆ, ಸಿಮೆಂಟಿನ ಚಿಮಣಿ. ಆಮೇಲೆ ಒಂದು ಸಣ್ಣ ನಿಲ್ದಾಣ: ಮಳಖೇಡ ರೋಡ್.

ಹುಡುಗಿಯಾಗಿದ್ದಾಗ ಈ ಹೆಸರನ್ನು ನಾನು ಓದಿಯೂ ಓದಿರಲಿಲ್ಲ. ಕಾಗಿಣಾ ನದಿಯ ದಂಡೆಯ ಈ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಕವಿರಾಜಮಾರ್ಗ ಹುಟ್ಟಿದ್ದು ಇಲ್ಲಿನ ಅರಸ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ. ಅರಬ್ ಬರಹಗಾರರು ಇದನ್ನು 'ಮಾನ್ಕೀರ್' ಎಂದು ಬರೆದರು. ಜಗತ್ತಿನ ನಾಲ್ಕು ದೊಡ್ಡ ಅರಸರಲ್ಲಿ ಇಲ್ಲಿಯವನೂ ಒಬ್ಬ ಎಂದರು.

ಈ ಊರಿಗೆ ಹತ್ತನೆಯ ಶತಮಾನದಲ್ಲಿ ಒಬ್ಬ ಪರದೇಶಿ ಬಂದ. ಹೆಸರು ಪುಷ್ಪದಂತ, ಅಪಭ್ರಂಶ ಭಾಷೆಯ ಮಹಾಕವಿ. ಮನೆಯಿಲ್ಲ, ಹೆಂಡತಿ ಮಕ್ಕಳಿಲ್ಲ, ಬಡಕಲು ದೇಹ ಎಂದು ತನ್ನ ಬಗ್ಗೆ ತಾನೇ ಹೇಳಿಕೊಂಡಿದ್ದಾನೆ. ದೂರದಿಂದ ನಡೆದು ಬಂದು ಊರ ಹೊರಗಿನ ತೋಪಿನಲ್ಲಿ ಕೂತುಬಿಟ್ಟ. ಇಬ್ಬರು ಬಂದು ಊರೊಳಗೆ ಯಾಕೆ ಬರುವುದಿಲ್ಲ ಎಂದು ಕೇಳಿದರು. ಸಿರಿವಂತರ ಗಂಟು ಮೋರೆ ನೋಡುವುದಕ್ಕಿಂತ ಗುಡ್ಡದ ಗವಿಯೇ ವಾಸಿ ಎಂಬುದು ಅವನ ಉತ್ತರದ ಸಾರ. ಅವರು ಬಿಡಲಿಲ್ಲ. ಮೂರನೆಯ ಕೃಷ್ಣನ ಮಂತ್ರಿ ಭರತನ ಮನೆಗೆ ಕರೆದೊಯ್ದರು. ಭರತ ಉಣಬಡಿಸಿ, ಇರಿಸಿಕೊಂಡು, ಬರೆ ಎಂದ. 959ರಲ್ಲಿ ಶುರುವಾದ ಮಹಾಪುರಾಣ 965ರಲ್ಲಿ ಮುಗಿಯಿತು. ಅದೇ ಅರಸನ ಆಶ್ರಯದಲ್ಲಿ ಕನ್ನಡದ ಪೊನ್ನನೂ ಇದ್ದ.

972ರಲ್ಲಿ ಮಾಳವದ ಪರಮಾರ ಅರಸ ಸೀಯಕ ಮಾನ್ಯಖೇಟವನ್ನು ಸುಲಿದ, ಸುಟ್ಟ. ಧನಪಾಲನೆಂಬ ಮಾಳವದ ಕವಿ ತನ್ನ ತಂಗಿಗಾಗಿ ಬರೆದ ಪ್ರಾಕೃತ ನಿಘಂಟಿನ ಕೊನೆಯಲ್ಲಿ, ಮಾನ್ಯಖೇಟದ ಸೂರೆಯಾದ ವರ್ಷ ಇದನ್ನು ಬರೆದೆ ಎಂದು ದಾಖಲಿಸಿದ. ಗೆದ್ದವರಿಗೆ ಅದು ತಾರೀಖು. ಪುಷ್ಪದಂತನಿಗೋ, ತಾನು ಇನ್ನು ಎಲ್ಲಿ ಇರಲಿ ಎಂಬ ಗೋಳು. ದೀನರಿಗೂ ಅನಾಥರಿಗೂ ಧನವಾಗಿದ್ದ ಊರು ಎಂಬ ಅರ್ಥದ ಅವನ ಮಾತು ಉಳಿದುಬಂದಿದೆ.

ನನ್ನ ಸೀಮೆಯ ಆ ದೊಡ್ಡ ನಗರಕ್ಕಾಗಿ ಹೀಗೆ ಅತ್ತು ಬರೆದವನು ಹೊರಗಿನಿಂದ ಬಂದವನು! ರೈಲು ಒಂದೇ ನಿಮಿಷ ನಿಂತಿತ್ತು. ಕಿಟಕಿಯಿಂದ ನೋಡುತ್ತ, ತೋಪಿನಲ್ಲಿ ಕೂತ ಅವನನ್ನು ಮಾತಾಡಿಸಿದ ಆ ಇಬ್ಬರನ್ನು ನೆನೆದೆ. ಅವರು ಸುಮ್ಮನೆ ದಾಟಿ ಹೋಗಿದ್ದರೆ ಮಹಾಪುರಾಣ ಇಲ್ಲಿ ಹುಟ್ಟುತ್ತಿರಲಿಲ್ಲ, ಈ ಊರಿಗಾಗಿ ಅವನು ಅಳುತ್ತಲೂ ಇರಲಿಲ್ಲ. ನನಗೆ ಬಸ್ಸಿನಲ್ಲಿ ಸಿಕ್ಕಿದ್ದೂ ಇಬ್ಬರೇ.

ನಮ್ಮ ಊರಿಗೆ ಬಂದವರು

ಈಗ ನಾನು ಸೇಡಂನ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದೇನೆ. ಅವ್ವ ವಾಡಿಯಲ್ಲಿ ಒಬ್ಬಳೇ ಇರುವುದರಿಂದ ದಿನವೂ ರೈಲಿನಲ್ಲಿ ಹೋಗಿ ಬರುತ್ತೇನೆ. ದಿನಕ್ಕೆ ಎರಡು ಸಲ ಮಳಖೇಡ ರೋಡ್ ದಾಟುತ್ತೇನೆ.

ನಮ್ಮ ಆಸ್ಪತ್ರೆಗೆ ಸಿಮೆಂಟ್ ಕಾರ್ಖಾನೆಗಳ, ಖಣಿಗಳ ಗುತ್ತಿಗೆ ಕೂಲಿಗಳು ಬರುತ್ತಾರೆ. ಬಿಹಾರ, ಒಡಿಶಾ, ಉತ್ತರ ಪ್ರದೇಶದ ಹುಡುಗರು. ಬೆರಳು ಜಜ್ಜಿಕೊಂಡವರು, ಕಣ್ಣಿಗೆ ಧೂಳು ಹೊಕ್ಕವರು. ನಮ್ಮ ಜನ ಅವರೆಲ್ಲರಿಗೂ ಒಂದೇ ಹೆಸರು ಇಟ್ಟಿದ್ದಾರೆ: 'ಬಿಹಾರಿ'. ಅವರ ಚೀಟಿಯ ಮೇಲೂ ಎಷ್ಟೋ ಸಲ ಅದೇ ಇರುತ್ತದೆ. ಹೀಗೆ ಅನ್ನುವವರು ಕೆಟ್ಟವರಲ್ಲ. ಇದೇ ಚಿಂಚೋಳಿ, ಸೇಡಂನ ಹಳ್ಳಿ, ತಾಂಡಾಗಳಿಂದ ಸುಗ್ಗಿ ಮುಗಿದ ಮೇಲೆ ಎಷ್ಟು ಸಂಸಾರಗಳು ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗುತ್ತವೆ! ಅಲ್ಲಿ ನಮ್ಮವರನ್ನೂ ಯಾರೋ ಹೀಗೇ ಒಂದೇ ಹೆಸರಿನಿಂದ ಕರೆಯುತ್ತಿರುತ್ತಾರೆ. ಪರದೇಶಿತನದ ರುಚಿ ಬಲ್ಲ ಸೀಮೆ ನಮ್ಮದು. ನಮಗೆ ಇದನ್ನು ಹೊರಗಿನವರು ಹೇಳಿಕೊಡಬೇಕಾಗಿಲ್ಲ.

ನಾನು ಒಂದೇ ಒಂದು ಕೆಲಸ ಮಾಡುತ್ತೇನೆ. ಗಾಯ ತೊಳೆಯುವ ಮೊದಲು ಊರಿನ ಹೆಸರು ಕೇಳುತ್ತೇನೆ. ಜಿಲ್ಲೆಯಲ್ಲ, ಊರು. ಸರಿಯಾಗಿ ಹೇಗೆ ಅನ್ನಬೇಕು ಎಂದು ಕೇಳಿ ನಾಲ್ಕು ಸಲ ಅಂದು ನೋಡುತ್ತೇನೆ. ನನ್ನ ಬಾಯಲ್ಲಿ ತಪ್ಪಿದಾಗ ಅವರು ನಗುತ್ತಾರೆ. ಆ ನಗುವಿನಲ್ಲಿ ಅರ್ಧ ನೋವು ಹೋಗುತ್ತದೆ ಎಂದು ನನಗೆ ಗೊತ್ತು, ನನ್ನದೂ ಹಾಗೇ ಹೋಗಿತ್ತು.

ವಾಡಿಯಲ್ಲಿ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಅಂಥದೊಂದು ಸಂಸಾರ ಬಾಡಿಗೆಗೆ ಇತ್ತು. ಗಂಡ, ಹೆಂಡತಿ, ಸರ್ಕಾರಿ ಶಾಲೆಯಲ್ಲಿ ಎರಡನೇ ಇಯತ್ತೆ ಓದುವ ಮಗಳು. ಆ ಹುಡುಗಿ ಅವ್ವನ ಬಳಿಯೇ ಇರುತ್ತಿದ್ದಳು. ಎಳ್ಳಮಾವಾಸ್ಯೆಗೆ ಹೊಲಕ್ಕೆ ಬಂದು ಚರಗ ಚೆಲ್ಲಿದಳು, ಭಜ್ಜಿ ಪಲ್ಯ ಉಂಡಳು. ಅವ್ವನಿಗೆ ಪಾಟಿಯ ಮೇಲೆ ಕಾಗುಣಿತ ಬರೆದು ತೋರಿಸುತ್ತಿದ್ದಳು. ಕಳೆದ ತಿಂಗಳು ಆ ಹುಡುಗಿಯ ಅಪ್ಪನ ಗುತ್ತಿಗೆ ಮುಗಿಯಿತು. ಊರಿಗೆ ಹೊರಟರು.

ಸ್ಟೇಷನ್ನಿಗೆ ನಾನೂ ಅವ್ವನೂ ಹೋದೆವು. ಅವ್ವ ನಸುಕಿನಲ್ಲೇ ಎದ್ದು ಸಜ್ಜಿ ರೊಟ್ಟಿ ಬಡಿದು, ಶೇಂಗಾ ಹಿಂಡಿ ಹಾಕಿ, ಅರಿವೆಯಲ್ಲಿ ಕಟ್ಟಿದ್ದಳು. ದೂರದ ದಾರಿ, ಕೆಡದಂಥದ್ದೇ ಇರಲಿ ಅಂದಳು. ಗಾಡಿ ಬಂದಾಗ ಹುಡುಗಿ ಪ್ಲಾಟ್‌ಫಾರ್ಮಿನ ಕಂಬ ಹಿಡಿದು ನಿಂತಳು. ಬರುವುದಿಲ್ಲ ಎಂದು ಅತ್ತಳು. ಹಿಂದಿಯಲ್ಲಿ ಅಲ್ಲ, ನಮ್ಮ ವಾಡಿಯ ಕನ್ನಡದಲ್ಲಿ. ಅವಳ ತಾಯಿ ನಾಚಿಕೊಂಡು ಸೆರಗಿನಿಂದ ಅವಳ ಮೂಗು ಒರೆಸಿದಳು. ಅವ್ವ ಕೆಳಗೆ ಕೂತು ಬುತ್ತಿಯನ್ನು ಆ ಪುಟ್ಟ ಕೈಗೆ ಕೊಟ್ಟಳು.

"ಎರಡು ರೊಟ್ಟಿ ರಾತ್ರಿಗೆ ಇಟ್ಕೋ" ಅಂದಳು. ತಲೆ ಸವರಿದಳು. ಆಮೇಲೆ, "ಹೋಗಿ ಬಾ" ಅಂದಳು. ಹೋಗು ಅನ್ನಲಿಲ್ಲ.